ಎಡಗೈಯಲ್ಲಿ ಏನೂ ಮಾಡಲ್ಲ

ನನ್ನ ಮಾವ ಪಂಚಾಕ್ಷರಯ್ಯನವರನ್ನು ಎಲ್ಲಿ ನೋವು ಎಂದು ಕೇಳಿದರೆ, ಎಲ್ಲೆಲ್ಲಿ ನೋವಿಲ್ಲ ಎಂಬುದನ್ನು ಹೇಳುತ್ತಾರೆ.

"ಸೊಂಟ ಚೆನ್ನಾಗಿದೆ. ಮಂಡಿ ಚೆನ್ನಾಗಿದೆ. ಮೊನ್ನೆ ಗೋಡೌನಿನ ಮೂರನೇ ಮಹಡಿಗೆ ಹತ್ತಿದೆ, ಶಶಿ ಏದುಸಿರು ಬಿಡ್ತಿದ್ದ, ನಂಗೇನೂ ಆಗ್ಲಿಲ್ಲ."

"ಕೈ ಹೇಗಿದೆ ಮಾವ?"

"ಅದಕ್ಕೇ ತಾನೇ ಬಂದಿರೋದು. ಸೂಜಿ ಹಾಕಮ್ಮ, ಅಂಗಡಿಗೆ ಹೊತ್ತಾಗುತ್ತೆ."

ಆ ಶುಕ್ರವಾರ ಬೆಳಿಗ್ಗೆ ಏಳೂವರೆಗೆ, ವಿಶ್ವೇಶ್ವರಪುರದ ನನ್ನ ಒಂದು ಕೋಣೆಯ ಕ್ಲಿನಿಕ್ಕಿನಲ್ಲಿ ಅವರು ಅಂಗಿ ಬಿಚ್ಚಿ ಕೂತಿದ್ದರು. ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಅದನ್ನು ಮೆಲ್ಲಗೆ ಬದಿಗೆ ಸರಿಸಿ ಕತ್ತಿನ ಬುಡಕ್ಕೆ ಸೂಜಿ ಹಾಕುವುದು ಆರು ವಾರದಿಂದ ನನಗೆ ಅಭ್ಯಾಸವಾಗಿತ್ತು.

ನಾನು ಪ್ರಕೃತಿ ಚಿಕಿತ್ಸೆಯನ್ನು ಐದೂವರೆ ವರ್ಷ ಓದಿದವಳು. ಅಕ್ಯುಪಂಕ್ಚರ್ ಆಮೇಲೆ ಕಲಿತದ್ದು. ಇವರ ಕಿರಿಯ ಮಗ ಕೇದಾರ್ ನನ್ನ ಗಂಡ. ಅವನು ತೀರಿಹೋಗಿ ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಆಮೇಲೆ ನಾನು ಮಾವಳ್ಳಿಯ ಅಮ್ಮನ ಮನೆಗೆ ಬಂದೆ. ಅವರೆಲ್ಲ ಚಾಮರಾಜಪೇಟೆಯಲ್ಲಿದ್ದಾರೆ. ಜಗಳವೇನಿಲ್ಲ.

ಮಾವನ ನೋವು ಕತ್ತಿನ ಎಡಬದಿಯಿಂದ ಎಡಗೈಗೆ ಇಳಿಯುತ್ತಿತ್ತು. ಎಂ.ಆರ್.ಐ. ಮಾಡಿಸಿದ್ದರು. ಕತ್ತಿನ ಎರಡು ಕಡೆ ಡಿಸ್ಕ್ ಉಬ್ಬಿದೆ ಎಂದು ವರದಿ ಬಂದಿತ್ತು. ನಾನೂ ಅದನ್ನು ಓದಿ ಕತ್ತಿಗೇ ಸೂಜಿ ಹಾಕುತ್ತ ಬಂದೆ. ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ. ಸೂಜಿ ಹಾಕಿದ ದಿನ ಕೈ ಹಗುರ, ಮಾರನೆಯ ದಿನ ಮತ್ತೆ ಮೊದಲಿನಂತೆ. ಕೇಸ್ ಪೇಪರಿನಲ್ಲಿ 'ಚಿಕಿತ್ಸೆಗೆ ಸ್ಪಂದಿಸುತ್ತಿದೆ' ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಆದರೆ ಹಿಡಿತ ಕಡಿಮೆಯಾಗುತ್ತಲೇ ಇತ್ತು. ಭಾವ, ಅಂದರೆ ಕೇದಾರನ ಅಣ್ಣ ಶಶಿಕಿರಣ್, ಒಬ್ಬ ಸರ್ಜನ್ ಹತ್ತಿರ ಕರೆದುಕೊಂಡು ಹೋದರು. ಸೋಮವಾರ ಕತ್ತಿನ ಆಪರೇಷನ್ ಎಂದು ನಿಗದಿಯಾಯಿತು. ಮಾವ ಒಂದು ಮಾತೂ ಆಡದೆ ಒಪ್ಪಿಕೊಂಡರು. ನನಗೆ ಮೊದಲು ಮುಳ್ಳಿನಂತೆ ಚುಚ್ಚಿದ್ದು ಅದು. ಎಡಗಣ್ಣಿನಲ್ಲೂ ಬಲಗಣ್ಣಿನಲ್ಲೂ ಪೊರೆ ಬಂದು ಮೂರು ವರ್ಷವಾದರೂ, ಹತ್ತು ನಿಮಿಷದ ಆಪರೇಷನ್ನಿಗೆ ಒಪ್ಪದವರು ಇವರು. ಕತ್ತು ಕೊಯ್ಯುತ್ತೇವೆ ಎಂದರೆ ಸರಿ ಎಂದಿದ್ದರು.

ಅದಕ್ಕೇ ಅವತ್ತು ಸೂಜಿಯ ಪೊಟ್ಟಣ ತೆರೆಯಲಿಲ್ಲ. ಹತ್ತಿ ತಗೊಂಡೆ.

"ಕಣ್ಣು ಮುಚ್ಚಿ. ಮುಟ್ಟಿದ್ದು ಗೊತ್ತಾದ್ರೆ ಹೂಂ ಅನ್ನಿ."

ಹೆಬ್ಬೆರಳು, ಹೂಂ. ತೋರುಬೆರಳು, ಹೂಂ. ನಡುಬೆರಳು, ಹೂಂ. ಉಂಗುರಬೆರಳಿನ ಒಂದು ಬದಿಗೆ ಹೂಂ. ಇನ್ನೊಂದು ಬದಿಗೆ ಸುಮ್ಮನೆ. ಕಿರುಬೆರಳಿಗೂ ಸುಮ್ಮನೆ.

"ಮುಟ್ಟಮ್ಮ, ಯಾಕೆ ನಿಲ್ಲಿಸ್ದೆ?"

ನಾನು ಮುಟ್ಟುತ್ತಲೇ ಇದ್ದೆ.

ವರದಿಯಲ್ಲಿ ಇದ್ದ ಡಿಸ್ಕುಗಳು ಹೆಬ್ಬೆರಳಿನಿಂದ ನಡುಬೆರಳಿನವರೆಗಿನ ನರಗಳನ್ನು ಒತ್ತುವಂಥವು. ಆ ಮೂರು ಬೆರಳೂ ಚೆನ್ನಾಗಿದ್ದವು. ಸತ್ತಂತಿದ್ದದ್ದು ಕಿರುಬೆರಳು, ಅದರ ಪಕ್ಕದ ಅರ್ಧ ಬೆರಳು. ಬೆರಳೊಂದು ನಡುವೆ ಸೀಳಿದಂತೆ ಅರ್ಧ ಮಾತ್ರ ಜೋಮು ಹಿಡಿದಿದ್ದರೆ ಅದು ಸಾಮಾನ್ಯವಾಗಿ ಕತ್ತಿನದಲ್ಲ, ಕೈಯಲ್ಲಿ ಎಲ್ಲೋ ಸಿಕ್ಕಿಕೊಂಡ ನರದ್ದು. ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಒಂದು ಹಳ್ಳವಿದೆ, ಬಾಗಿಲಿಗೆ ತಾಗಿದರೆ ಕರೆಂಟ್ ಹೊಡೆದಂತಾಗುತ್ತದಲ್ಲ, ಆ ಜಾಗ. ಅಲ್ಲಿ ಬೆರಳಿನಿಂದ ತಟ್ಟಿದೆ. ಮಾವ ಮಂಚದಿಂದ ಅರ್ಧ ಎದ್ದರು.

"ಏನ್ ಮಾಡ್ದೆ?"

"ತಟ್ಟಿದೆ ಅಷ್ಟೆ. ಎಲ್ಲಿಗೆ ಹೋಯ್ತು?"

"ಕಿರುಬೆರಳಿಗೆ. ಇಷ್ಟು ದಿನ ತಟ್ಟಿರ್ಲಿಲ್ಲ ನೀನು."

ಇಷ್ಟು ದಿನ ತಟ್ಟಿರಲಿಲ್ಲ. ಅದೇ ನನ್ನ ತಪ್ಪು. ನಾನು ಕಲಿತ ಚೀನೀಯರ ನಾಡಿಗಳ ನಕ್ಷೆಯಲ್ಲೂ ಕಿರುಬೆರಳಿನಿಂದ ಹೊರಟ ಗೆರೆ ಮೊಣಕೈಯ ಒಳಬದಿಗೇ ಹೋಗುತ್ತದೆ. ನರಗಳ ನಕ್ಷೆ, ನಾಡಿಗಳ ನಕ್ಷೆ ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿದ್ದಾಗ ನಾನು ಕಾಗದವನ್ನು ನಂಬಿ ಕತ್ತಿಗೆ ಹೋಗಿದ್ದೆ.

"ಎಡಗೈ ಮಡಚಿ ಏನಾದ್ರೂ ಕೆಲಸ ಮಾಡ್ತೀರಾ? ಬಹಳ ಹೊತ್ತು?"

"ನಾನು ಬಲಗೈಯೋನು. ಎಡಗೈಯಲ್ಲಿ ಏನೂ ಮಾಡಲ್ಲ."

"ಫೋನು?"

"ಬಲಗಿವಿ. ಎಡಗಿವಿ ಸ್ವಲ್ಪ ಮಂದ."

"ಮಲಗೋವಾಗ ತಲೆ ಕೆಳಗೆ ಕೈ?"

"ನಿಮ್ಮತ್ತೆ ಹೇಳ್ತಾಳೆ ನಾನು ಹೆಣದ ಥರ ನೆಟ್ಟಗೆ ಮಲಗ್ತೀನಿ ಅಂತ."

ಹೊರಗೆ ಕುರ್ಚಿಯಲ್ಲಿ ಕಾಯುತ್ತಿದ್ದ ಅತ್ತೆ ಗಿರಿಜಾಂಬಾ ಅಲ್ಲಿಂದಲೇ ಸೇರಿಸಿದರು. "ಮಲಗೋದು ಸರಿ ಇದೆ, ಏಳೋದೂ ಸರಿ ಇದೆ. ತಿಂಡಿಗೆ ಬರೋದು ಮಾತ್ರ ಕೇಳ್ಬೇಡ. ಎಂಟೂವರೆಗೆ ತಿನ್ನೋರು ಈಗ ಹತ್ತು. ಮೂರು ಸಲ ಬಿಸಿ ಮಾಡ್ತೀನಿ. ಉಪ್ಪಿಟ್ಟು ಅನ್ನೋದು ಕಲ್ಲಾಗುತ್ತೆ."

ಅತ್ತೆ ಇದನ್ನು ಪ್ರತಿ ವಾರವೂ ಹೇಳುತ್ತಿದ್ದರು. ನಾನು ಪ್ರತಿ ವಾರವೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಭಾವ ಕಾರು ತಂದರು. ಅವರಿಗೆ ಮೊಣಕೈ ಎಂದು ಹೇಳಿದೆ.

"ಶರಣ್ಯ, ಕತ್ತು ಅಂತ ರಿಪೋರ್ಟಲ್ಲಿ ಬರ್ದಿದೆ. ಸರ್ಜನ್ ಹೇಳಿದಾರೆ. ಅಪ್ಪನೂ ಕತ್ತು ನೋವು ಅಂತಾರೆ. ನೀನೊಬ್ಳು ಹತ್ತಿ ಇಟ್ಕೊಂಡು ಮೊಣಕೈ ಅಂತಿದೀಯ."

"ಎಪ್ಪತ್ತು ವರ್ಷದೋರ ಕತ್ತು ಸ್ಕ್ಯಾನ್ ಮಾಡಿದ್ರೆ ನೋವಿಲ್ಲದೋರಿಗೂ ಡಿಸ್ಕ್ ಉಬ್ಬಿರುತ್ತೆ ಭಾವ. ಅದು ಬಿಳಿ ಕೂದಲಿದ್ದ ಹಾಗೆ."

"ಹಾಗಾದ್ರೆ ಮೊಣಕೈಗೆ ಏನಾಯ್ತು? ಬಿದ್ದಿಲ್ಲ, ಏಟಾಗಿಲ್ಲ."

"ಗೊತ್ತಿಲ್ಲ. ಅದನ್ನ ಮಡಚ್ಕೊಂಡು ಏನೋ ಮಾಡ್ತಾರೆ. ಹೇಳ್ತಿಲ್ಲ."

"ಸೋಮವಾರದೊಳಗೆ ಗೊತ್ತಾದ್ರೆ ಹೇಳು. ಗೊತ್ತಾಗ್ಲಿಲ್ಲ ಅಂದ್ರೆ ನಾನು ಆಪರೇಷನ್ ಮಾಡಿಸ್ತೀನಿ. ಕೈ ಪೂರ್ತಿ ಹೋದ್ಮೇಲೆ ಕೂತು ಯೋಚ್ನೆ ಮಾಡಕ್ಕಾಗಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಶನಿವಾರ ನಗರ್ತಪೇಟೆಗೆ ಹೋದೆ. ಲೇಸು, ಗುಂಡಿ, ಜರಿ ಅಂಚು ಮಾರುವ ಅಂಗಡಿ. ಮಾವ ಅಲ್ಲಿ ಗಾದಿಯ ಮೇಲೆ ಕೂರುತ್ತಾರೆ. ದಿನವಿಡೀ ಎಡ ಮೊಣಕೈಯನ್ನು ದಿಂಬಿಗೆ ಊರಿ ಕೂರುತ್ತಾರೆ ಎಂದು ರಾತ್ರಿಯೇ ನಿರ್ಧರಿಸಿಬಿಟ್ಟಿದ್ದೆ. ಹೋಗಿ ನೋಡಿದರೆ ದಿಂಬು ಬಲಕ್ಕಿತ್ತು. ಎಡಕ್ಕೆ ಗೋಡೆಯವರೆಗೂ ಲೇಸಿನ ಉರುಳೆಗಳು. ಕೈ ಚಾಚಲು ಜಾಗವಿರಲಿಲ್ಲ, ಊರುವುದು ದೂರ. ಮಾವ ನನಗೊಂದು ಎಳನೀರು ತರಿಸಿದರು.

"ಕ್ಲಿನಿಕ್ ರಜಾನಾ?"

"ಹೌದು."

"ಜನ ಬರ್ತಿಲ್ವಾ?"

"ಬರ್ತಾರೆ ಮಾವ."

ಮನೆಗೆ ಬಂದು ಅವರ ಕೇಸ್ ಪೇಪರ್ ಹರಡಿಕೊಂಡು ಕೂತೆ. ನೋವು ಹತ್ತರಲ್ಲಿ ಎಷ್ಟು ಎಂದು ಪ್ರತಿ ಸಂಜೆ ಅತ್ತೆಯಿಂದ ಮೆಸೇಜ್ ತರಿಸಿಕೊಳ್ಳುತ್ತಿದ್ದೆ. ಮಂಗಳವಾರ ಮೂರು, ಶುಕ್ರವಾರ ಮೂರು, ಉಳಿದ ದಿನ ಏಳು, ಎಂಟು. ಆರು ವಾರವೂ ಹೀಗೇ. ಒಂದು ಮಂಗಳವಾರ ಮಾತ್ರ ನನಗೆ ಜ್ವರ ಬಂದು ಸೂಜಿ ಹಾಕಿರಲಿಲ್ಲ. ಅವರು ಬಂದು ಬಾಗಿಲು ನೋಡಿ ನೇರ ಅಂಗಡಿಗೆ ಹೋಗಿದ್ದರು. ಅವತ್ತೂ ಮೂರು.

ಆ ಮೂರನ್ನು ಬಹಳ ಹೊತ್ತು ನೋಡಿದೆ. ಸೂಜಿಯೇ ಇಲ್ಲದ ದಿನ ನೋವು ಇಳಿದಿದೆ. ಹಾಗಾದರೆ ಇಳಿಸುತ್ತಿದ್ದದ್ದು ಸೂಜಿಯಲ್ಲ. ಆ ಎರಡು ಬೆಳಿಗ್ಗೆ ಅವರು ಮನೆಯಲ್ಲಿ ಇರುತ್ತಿರಲಿಲ್ಲ, ಇಳಿಸಿದ್ದು ಅದೇ.

ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಮಂಗಳವಾರ, ಶುಕ್ರವಾರ ಮಾವ ಎಷ್ಟು ಹೊತ್ತಿಗೆ ತಿಂಡಿ ತಿಂತಾರೆ?"

"ಅವತ್ತು ನಿನ್ನ ಹತ್ರ ಬರ್ಬೇಕಲ್ಲ. ಆರೂಮುಕ್ಕಾಲಿಗೆ ಪೂಜೆ ಮುಗಿಸಿ ತಿಂದೇ ಹೊರಡ್ತಾರೆ."

"ಉಳಿದ ದಿನ ಹತ್ತು ಗಂಟೆವರೆಗೆ ಏನ್ ಮಾಡ್ತಾರೆ?"

"ಪೂಜೆ ಕಣೆ. ಇನ್ನೇನು ಮಾಡ್ತಾರೆ. ಪೂಜೆ ಆಗ್ದೆ ಬಾಯಿಗೆ ನೀರೂ ಹಾಕಲ್ಲ ಅಂತ ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ನಾನೂ ಅಂಥದೇ ಮನೆತನದಲ್ಲಿ ಹುಟ್ಟಿ ಬೆಳೆದವಳು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತ ಕೂರುವುದು ಹುಟ್ಟಿದಾಗಿನಿಂದ ಕಂಡದ್ದು. ನಮ್ಮಪ್ಪ ಹದಿನೈದು ನಿಮಿಷದಲ್ಲಿ ಮುಗಿಸುತ್ತಿದ್ದರು. ಲಿಂಗ ಕಟ್ಟದ ಬೇರೆ ಮನೆತನದ ಡಾಕ್ಟರೊಬ್ಬರು ಆ ಕರಡಿಗೆಯನ್ನು ನೋಡಿದ್ದರೆ ಇದೇನು, ಇದನ್ನು ಏನು ಮಾಡುತ್ತೀರಿ ಎಂದು ಮೊದಲ ದಿನವೇ ಕೇಳುತ್ತಿದ್ದರು. ನಾನು ಅದನ್ನು ಬದಿಗೆ ಸರಿಸಿ ಸೂಜಿ ಹಾಕಿದ್ದೆ.

ಭಾನುವಾರ ಏಳೂವರೆಗೆ ಚಾಮರಾಜಪೇಟೆಯ ಮನೆಯಲ್ಲಿದ್ದೆ. ದೇವರ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಮಾವ ಬಾಗಿಲಿಗೆ ಓರೆಯಾಗಿ ಕೂತಿದ್ದರು. ವಿಭೂತಿ, ಪತ್ರೆ ಏರಿಸಿ ಆಗಿತ್ತು. ಲಿಂಗವಿದ್ದ ಎಡಗೈ ಮೇಲೆ ಬಂತು. ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನೂ ಹತ್ತಿರ ಬಂತು. ಮೂಗಿಗೂ ಅದಕ್ಕೂ ಒಂದು ಗೇಣು ಇರಲಿಲ್ಲ. ಮೊಣಕೈ ಪೂರ್ತಿ ಮಡಚಿ, ಕತ್ತು ಬಗ್ಗಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ನಾನು ಗಡಿಯಾರ ನೋಡುತ್ತ ನಿಂತೆ. ಎಂಟಕ್ಕೆ ಕೈ ಹಾಗೇ ಇತ್ತು. ಎಂಟೂವರೆಗೆ ಕಿರುಬೆರಳು ನಡುಗತೊಡಗಿತು. ಆಗ ಕಂಡಿತು, ಅಂಗೈಗೂ ಬೆರಳುಗಳಿಗೂ ಸುತ್ತಿ ಕಟ್ಟಿದ ಬಿಳಿ ಪಟ್ಟಿ. ಅಂಗಡಿಯ ಲೇಸು. ಒಂಬತ್ತಕ್ಕೆ ಬಲಗೈ ಬಂದು ಎಡ ಮಣಿಕಟ್ಟನ್ನು ಹಿಡಿದುಕೊಂಡಿತು. ಒಂಬತ್ತೂವರೆಗೆ ಕೈ ಇಳಿಯಿತು.

ನಾನು ಒಳಗೆ ಹೋಗಿ ಎದುರು ಕೂತೆ.

"ಎಡಗೈಯಲ್ಲಿ ಏನೂ ಮಾಡಲ್ಲ ಅಂದ್ರಲ್ಲ ಮಾವ."

"ಮಾಡಲ್ಲ."

"ಇದು?"

"ಇದು ಮಾಡೋದಾ? ಇದು ಪೂಜೆ."

ಲೇಸು ಬಿಚ್ಚಲು ಅವರಿಂದ ಆಗುತ್ತಿರಲಿಲ್ಲ. ಲಿಂಗವನ್ನು ಬಲಗೈಯಲ್ಲಿ ತೆಗೆದು ಕರಡಿಗೆಯಲ್ಲಿಟ್ಟುಕೊಂಡ ಮೇಲೆ ನಾನು ಬಿಚ್ಚಿದೆ. ಅಂಗೈ ಮೇಲೆ ಲೇಸಿನ ಹೂವಿನ ಅಚ್ಚು ಬಿದ್ದಿತ್ತು.

"ಇದನ್ನ ಯಾಕೆ ಕಟ್ಟಿದೀರ?"

"ಬೀಳಬಾರ್ದಲ್ಲ."

"ಬಿದ್ದಿದ್ಯಾ?"

ಅವರು ಬಾಗಿಲ ಕಡೆ ನೋಡಿದರು. ಅಡುಗೆಮನೆಯಲ್ಲಿ ಅತ್ತೆ ಏನನ್ನೋ ಮೂರನೇ ಸಲ ಬಿಸಿ ಮಾಡುತ್ತಿದ್ದರು.

"ಒಂದ್ಸಲ. ಮೊದ್ಲು. ಆಗ ಕೈ ಚೆನ್ನಾಗೇ ಇತ್ತು. ಅಂಗಡಿಯಿಂದ ಫೋನ್ ಬಂತು ಅಂತ ಆ ಕಡೆ ತಿರುಗ್ದೆ. ಜಾರ್ತು. ನೆಲದ ಮೇಲೆ ಬಿತ್ತು."

"ಯಾವಾಗ?"

"ಅದಾಗಿ ಹನ್ನೊಂದು ದಿನಕ್ಕೆ ಕೇದಾರ ಹೋದ."

ನಾನು ಅತ್ತಿದ್ದರೆ ಚೆನ್ನಾಗಿರುತ್ತಿತ್ತೇನೋ. ನನಗೆ ಬಂದದ್ದು ಬೇಸರ. ಕೇದಾರ್ ಹೋದಾಗಿನಿಂದ ಎಲ್ಲರ ಹತ್ತಿರವೂ ಒಂದೊಂದು ಕಾರಣವಿತ್ತು. ರಾತ್ರಿ ತಲೆ ಸ್ನಾನ ಮಾಡುತ್ತಿದ್ದನಂತೆ. ಜಿಮ್ಮಿಗೆ ಹೋಗುತ್ತಿದ್ದನಂತೆ. ಮದುವೆ ಮುಹೂರ್ತ ಸರಿಯಿರಲಿಲ್ಲವಂತೆ. ಇವರೊಬ್ಬರು ಏನೂ ಹೇಳಿರಲಿಲ್ಲ. ಮಣ್ಣು ಮಾಡುವ ದಿನ ಕೇದಾರನ ಎಡಗೈಯಲ್ಲಿ ಅವನ ಲಿಂಗವಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದವರು ಇವರೇ. ಅವತ್ತೂ ಬಾಯಿ ಬಿಟ್ಟಿರಲಿಲ್ಲ. ಅದಕ್ಕೇ ಇವರ ಹತ್ತಿರ ಕೂರುವುದು ನನಗೆ ಸುಲಭವಾಗಿತ್ತು.

"ಅವನ ಮಿದುಳಲ್ಲಿ ರಕ್ತನಾಳ ಉಬ್ಬಿತ್ತು ಮಾವ. ಅದು ಹನ್ನೊಂದು ದಿನದಲ್ಲಿ ಉಬ್ಬಲ್ಲ. ಎಷ್ಟೋ ವರ್ಷದಿಂದ ಇತ್ತು. ನಿಮ್ಮ ಫೋನ್ ಬರದಿದ್ರೂ ಒಡೀತಿತ್ತು."

"ಒಡೆದಿದ್ದು ಹನ್ನೊಂದನೇ ದಿನ."

"ನೀವು ಮಂಗಳವಾರ ಬರ್ತಿದ್ರಿ. ನಾನು ಸೂಜಿ ಹಾಕ್ತಿದ್ದೆ. ನೋವು ಇಳೀತಿತ್ತು. ನನ್ನ ಸೂಜಿಯಿಂದ್ಲೇ ಇಳೀತು ಅಂತ ಬರ್ಕೊಂಡೆ. ಇಳಿದಿದ್ದು ನೀವು ಅವತ್ತು ಪೂಜೆ ಬೇಗ ಮುಗಿಸ್ತಿದ್ರಿ ಅಂತ. ಎರಡೂ ಒಂದೇ ದಿನ ಆಯ್ತು, ಅಷ್ಟೆ."

"ಅದು ಬೇರೆ."

"ಹೇಗೆ ಬೇರೆ?"

"ಅದು ಸೂಜಿ. ಇದು ಲಿಂಗ." ಅವರು ಕರಡಿಗೆಯನ್ನು ಎದೆಗೆ ಒತ್ತಿಕೊಂಡರು. "ಈಗ ಶಶಿ ಒಬ್ಬ ಇದಾನೆ. ಬೆರಳು ಮಾತು ಕೇಳ್ತಿಲ್ಲ. ಮತ್ತೆ ಬಿದ್ರೆ? ಕತ್ತು ಕೊಯ್ದು ಸರಿ ಆಗುತ್ತೆ ಅಂದ್ರೆ ಕೊಯ್ಲಿ. ಹಿಡ್ಕೊಳ್ಳೋಕೆ ಕೈ ಬೇಕು ನಂಗೆ."

ಜೋಮು ಜಾಸ್ತಿಯಾದಷ್ಟೂ ಭಯ, ಭಯ ಜಾಸ್ತಿಯಾದಷ್ಟೂ ಹೆಚ್ಚು ಹೊತ್ತು ಹಿಡಿಯುವುದು, ಹಿಡಿದಷ್ಟೂ ಜೋಮು. ಇದನ್ನು ಯಾವ ಸ್ಕ್ಯಾನು ತೋರಿಸುತ್ತದೆ. ನಾಳೆ ಬೆಳಿಗ್ಗೆ ಇದಕ್ಕಾಗಿ ಇವರ ಕತ್ತು ಕೊಯ್ಯುತ್ತಾರೆ. ಆಮೇಲೂ ಇವರು ಲೇಸು ಕಟ್ಟಿಕೊಂಡು ಕೂರುತ್ತಾರೆ.

ಹೇಳಬಾರದು ಎಂದುಕೊಂಡಿದ್ದನ್ನು ಹೇಳಿದೆ.

"ನನ್ನ ಲಿಂಗ ಬೀರುವಲ್ಲಿದೆ ಮಾವ."

ಅವರಿಗೆ ಅರ್ಥವಾಗಲಿಲ್ಲ. "ಯಾವ ಬೀರು?"

"ಅಮ್ಮನ ಮನೆ ಬೀರು. ಮೇಲಿನ ಖಾನೆ, ಕೇದಾರ್ ಪಾಸ್‌ಪೋರ್ಟ್ ಪಕ್ಕ. ತೆಗೆದಿಟ್ಟೋಳು ಮತ್ತೆ ಹಾಕ್ಕೊಳ್ಳಲೇ ಇಲ್ಲ."

"ಯಾವಾಗಿಂದ?"

"ಮಣ್ಣು ಮಾಡಿ ಬಂದ ದಿನದಿಂದ."

ಬೈಯುತ್ತಾರೆ ಎಂದುಕೊಂಡೆ. ನನ್ನ ಕೊರಳನ್ನೊಮ್ಮೆ ನೋಡಿದರು.

"ಅದಕ್ಕೇ ನೀನು ಹೀಗೆ ಒಣಗಿಹೋಗಿರೋದು. ಕ್ಲಿನಿಕ್ಕಿಗೂ ಜನ ಇಲ್ಲ."

"ಕ್ಲಿನಿಕ್ಕಿಗೆ ಜನ ಬರ್ತಾರೆ ಮಾವ. ನಿನ್ನೆ ರಜ, ಅಷ್ಟೆ." ನನ್ನ ದನಿ ಏರಿತ್ತು. "ನಿಮ್ಮದು ಒಂದು ಕ್ಷಣ ಬಿತ್ತು. ನಾನು ಎರಡು ವರ್ಷದಿಂದ ಮುಟ್ಟೇ ಇಲ್ಲ. ನಿಮ್ಮ ಲೆಕ್ಕದಲ್ಲಿ ನಮ್ಮನೇಲಿ ಇಷ್ಟೊತ್ತಿಗೆ ಯಾರೂ ಉಳೀಬಾರ್ದಿತ್ತು."

ಅವರು ಅಂಗೈಯ ಲೇಸಿನ ಗುರುತನ್ನು ಬಲಗೈ ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಉಜ್ಜುತ್ತಲೇ ಕೇಳಿದರು.

"ನಿಮ್ಮಮ್ಮ ಹೇಗಿದಾರೆ?"

"ಚೆನ್ನಾಗಿದಾರೆ. ಶುಗರ್ ಕೂಡ ಕಡಿಮೆಯಾಗಿದೆ."

"ನಿನ್ ತಮ್ಮ? ಗಾಡಿ ಜೋರಾಗಿ ಓಡಿಸ್ತಾನೆ ಅಂತಿದ್ದೆ."

"ಈಗ್ಲೂ ಓಡಿಸ್ತಾನೆ. ಏನೂ ಆಗಿಲ್ಲ."

"ಹೂಂ," ಎಂದರು. ಹತ್ತಿಯಿಂದ ಮುಟ್ಟಿದಾಗ ಅಂದ ಹಾಗೇ ಅಂದರು.

ಪೂಜೆ ಬಿಡಿ ಎಂದು ನಾನು ಹೇಳಲಿಲ್ಲ. ಬಿಡುವವರಲ್ಲ. ಮೂಲೆಯಲ್ಲಿದ್ದ ಮಣೆಯನ್ನು ಅಡ್ಡ ನಿಲ್ಲಿಸಿ, ಮೇಲೆ ಟವೆಲ್ ಸುತ್ತಿಟ್ಟೆ. ಅದರ ಮೇಲೆ ಮುಂಗೈ ಊರಿ, ಕೈಯನ್ನು ಅರ್ಧಕ್ಕಿಂತ ಹೆಚ್ಚು ಚಾಚಿ ಹಿಡಿಯಲು ಹೇಳಿದೆ. ಹಾಗೆ ಹಿಡಿದರೆ ನರ ಎಳೆಯುವುದಿಲ್ಲ, ಭಾರವೂ ಇಲ್ಲ. ಹಿಡಿದು ನೋಡಿದರು.

"ಕಾಣಲ್ಲ."

"ಏನು ಕಾಣಲ್ಲ?"

"ಲಿಂಗ ಕಾಣಲ್ಲಮ್ಮ. ಮಸುಕು ಮಸುಕು. ಹತ್ತಿರ ತಂದ್ರೇನೇ ಕಾಣೋದು."

ಅಲ್ಲಿಗೆ ಕೊನೆಯ ಗಂಟೂ ಬಿಚ್ಚಿತು. ಕೈ ಯಾಕೆ ಅಷ್ಟು ಹತ್ತಿರ ಬರುತ್ತಿತ್ತು ಎಂದು ನಾನು ಎರಡು ಗಂಟೆ ನಿಂತು ನೋಡಿಯೂ ಕೇಳಿಕೊಂಡಿರಲಿಲ್ಲ. ಕಣ್ಣಿನ ಪೊರೆ. ಮೂರು ವರ್ಷದಿಂದ ಪೊರೆ ಬಲಿತಂತೆ ಲಿಂಗ ಹತ್ತಿರ ಬಂದಿತ್ತು, ಹತ್ತಿರ ಬಂದಂತೆ ಮೊಣಕೈ ಮಡಚಿತ್ತು, ಕತ್ತು ಬಗ್ಗಿತ್ತು.

ಭಾವ ಪೇಪರ್ ಹಿಡಿದು ಬಾಗಿಲಿಗೆ ಬಂದರು. "ಏನಂತೆ?"

"ಕಣ್ಣು," ಎಂದೆ.

"ಮೊನ್ನೆ ಮೊಣಕೈ ಅಂದೆ."

"ಮೊಣಕೈನೇ. ಕಣ್ಣಿಂದ."

"ಶರಣ್ಯ, ಕತ್ತಿಗೆ ಅಡ್ವಾನ್ಸ್ ಬುಕ್ ಆಗಿದೆ. ನೀನು ಒಂದೊಂದು ದಿನ ಒಂದೊಂದು ಅಂಗ ಹೇಳ್ತಾ ಹೋದ್ರೆ ನಾನು ಡಾಕ್ಟರಿಗೆ ಏನಂತ ಹೇಳ್ಲಿ?"

ಕೂರಿಸಿಕೊಂಡು ಹೇಳಿದೆ. ಬೆರಳುಗಳನ್ನು ತೋರಿಸಿದೆ, ಅವರ ಕೈಯಿಂದಲೇ ಮೊಣಕೈಗೆ ತಟ್ಟಿಸಿದೆ, ಗಂಟೆಗಳ ಲೆಕ್ಕ ತೋರಿಸಿದೆ. ಬಿದ್ದದ್ದನ್ನು ಹೇಳಲಿಲ್ಲ. ಅದು ಮಾವನದು. ಭಾವ ಎಲ್ಲ ಕೇಳಿ, ಹೆಂಡತಿ ಮೇಲೆ ಬೇಸರವಾದಾಗ ಮಾಡುವಂತೆ ಹಣೆ ಉಜ್ಜಿಕೊಂಡು, ಫೋನ್ ತಗೊಂಡು ವರಾಂಡಕ್ಕೆ ಹೋದರು.

ಸೋಮವಾರ ಆಪರೇಷನ್ನಿನ ಬದಲು ನರದ ಪರೀಕ್ಷೆ ಆಯಿತು. ಮೊಣಕೈಯ ಹತ್ತಿರ ನರ ನಿಧಾನವಾಗಿದೆ, ಕತ್ತಿನಲ್ಲಿ ತೊಂದರೆ ಕಾಣಲಿಲ್ಲ ಎಂದು ಬಂತು. ಮೂರು ತಿಂಗಳು ನೋಡೋಣ ಎಂದು ಸರ್ಜನ್ ಹೇಳಿದರಂತೆ. ಪೂಜೆಯ ವಿಷಯ ಕೇಳಿ ನಕ್ಕರಂತೆ. ಭಾವ ಅದನ್ನು ನನಗೆ ಎರಡು ಸಲ ಹೇಳಿದರು. ಕೇಸ್ ಪೇಪರಿನಲ್ಲಿ 'ಸ್ಪಂದಿಸುತ್ತಿದೆ' ಎಂಬುದನ್ನು ಹೊಡೆದು ಹಾಕಿದೆ.

ಕಣ್ಣಿನ ಆಪರೇಷನ್ನಿಗೆ ಮಾವ ಇನ್ನೂ ದಿನ ಹೇಳಿಲ್ಲ. ಕಣ್ಣಿಗೂ ಎರಡು ಸೂಜಿ ಹಾಕಕ್ಕಾಗಲ್ವಾ ಎಂದು ಕೇಳಿದರು. ಆಗಲ್ಲ ಎಂದೆ. ಸದ್ಯಕ್ಕೆ ಮಣೆಯ ಪಕ್ಕ ಒಂದು ಟೇಬಲ್ ಲ್ಯಾಂಪ್ ಇಟ್ಟಿದ್ದೇವೆ.

ನೋವು ಎಷ್ಟು ಎಂದು ಅವರನ್ನು ಕೇಳುವುದನ್ನು ಬಿಟ್ಟಿದ್ದೇನೆ. ಅತ್ತೆಯ ದೂರು ಕೇಳುತ್ತೇನೆ. ಮೊದಲ ವಾರ ಹತ್ತು ಗಂಟೆ, ಆಮೇಲೆ ಒಂಬತ್ತೂವರೆ. ನಿನ್ನೆ ಫೋನ್ ಮಾಡಿದ್ದರು.

"ಎಂಟೂಕಾಲಿಗೇ ಬಂದು ತಟ್ಟೆ ಮುಂದೆ ಕೂತ್ಬಿಟ್ರು ಕಣೆ. ಇಡ್ಲಿ ಇನ್ನೂ ಬೆಂದೇ ಇಲ್ಲ. ಮುಂಚೆ ಹೇಳ್ಬಾರ್ದಾ ನೀನಾದ್ರೂ? ತಗೋ, ಏನೋ ಕೇಳ್ಬೇಕಂತೆ."

ಮಾವನ ದನಿ ಬಂತು. ಅದಕ್ಕೆ ಮೊದಲು ಅವರು ಅತ್ತೆಯಿಂದ ದೂರ ಹೋದದ್ದು ಹೆಜ್ಜೆಯಲ್ಲಿ ಕೇಳಿಸಿತ್ತು.

"ನಿಮ್ಮನೇಲಿ ಎಲ್ಲಾ ಚೆನ್ನಾಗಿದಾರಾ?"

"ಚೆನ್ನಾಗಿದಾರೆ ಮಾವ."

"ತಮ್ಮ?"

"ಅವನೂ."

"ಅದು ಬೀರುವಲ್ಲೇ ಇದ್ಯಾ?"

"ಅಲ್ಲೇ ಇದೆ. ಬೇಕಾದ್ರೆ ಇವತ್ತೇ ತೆಗೆದು ಹಾಕ್ಕೋತೀನಿ," ಎಂದೆ. ಅವರಿಗೆ ಬೇಸರ ಮಾಡಿದ್ದೆನಲ್ಲ ಎಂದು.

"ಬೇಡ ಬೇಡ," ಎಂದರು. "ಇನ್ನೂ ಸ್ವಲ್ಪ ದಿನ ಅಲ್ಲೇ ಇರ್ಲಿ. ನೋಡೋಣ."